ಒಂಬತ್ತು ದಿನ ತಡವಾದ ಗಿರಣಿಯ ಅಪೀಲು

ಒಂದು ರಬ್ಬರ್ ಮುದ್ರೆಯ ಎಲ್ಲ ಸಾಲುಗಳನ್ನೂ ಓದದೆ ಬಿಟ್ಟದ್ದಕ್ಕೆ ನನಗೆ ತಗುಲಿದ ವೆಚ್ಚ ಎರಡು ಸಾವಿರ ರೂಪಾಯಿ. ಅದರ ಜೊತೆಗೆ ಯಲಬುರ್ಗಾ ಕೋರ್ಟಿನ ಆವರಣದಲ್ಲಿ ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದಿದ್ದ ‘ಮಾಬುಸಾಬನ ತಾರೀಖು ತಪ್ಪುವುದಿಲ್ಲ’ ಎಂಬ ಹೆಸರೂ ಹೋಯಿತು. ಈಗ ಕೂತು ನೋಡಿದರೆ ಇವೆರಡೂ ಸಣ್ಣ ವೆಚ್ಚ. ನನ್ನ ಆ ತಪ್ಪಿನಿಂದ ಕುಕನೂರಿನ ಒಬ್ಬ ಹೆಣ್ಣುಮಗಳ ಹಿಟ್ಟಿನ ಗಿರಣಿ ಕೈಬಿಟ್ಟು ಹೋಗುವುದರಲ್ಲಿತ್ತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಲಿ ಎಂದು ಅದನ್ನೇ ಬರೆದಿಡುತ್ತಿದ್ದೇನೆ.

ನಾನು ವಕೀಲರ ಗುಮಾಸ್ತನಾಗಿದ್ದವನು. ಕಪ್ಪು ಕೋಟಿನವರ ಹಿಂದೆ ಫೈಲು ಹಿಡಿದು ನಿಂತಿರುವ ಮನುಷ್ಯನನ್ನು ಪ್ರತಿ ಕೋರ್ಟಿನಲ್ಲೂ ನೋಡಿರುತ್ತೀರಲ್ಲ, ಅವನೇ. ಅಪ್ಪ ಯಲಬುರ್ಗಾದ ಸಂತೆಯಲ್ಲಿ ಬಳೆ ಮಾರುತ್ತಿದ್ದರು. ಬೆಲೆ ಹೇಳುವುದು ಹೇಗೆ, ಇಳಿಸುವುದು ಹೇಗೆ, ಗಿರಾಕಿ ಎದ್ದು ಹೊರಟಾಗ ಎಷ್ಟು ಹೆಜ್ಜೆಯವರೆಗೆ ಸುಮ್ಮನಿದ್ದು ಆಮೇಲೆ ಕೂಗಬೇಕು ಎಂಬುದೆಲ್ಲ ನನಗೆ ಅಲ್ಲಿಂದ ಬಂದದ್ದು. ಅದರ ಮೇಲೆ ಟೈಪಿಂಗ್ ಕಲಿತೆ. ನಾನು ಸೇರಿದ ಕಚೇರಿಯ ವಕೀಲರಿಗೆ, ನಾನು ಕೊನೆಯವರೆಗೂ ‘ಸಾಹೇಬರು’ ಎನ್ನುತ್ತಿದ್ದವರಿಗೆ, ಕಾನೂನು ಅಂಗೈಯಲ್ಲಿತ್ತು. ಆದರೆ ಫೀ ಕೇಳಲು ನಾಚಿಕೆ. ನನಗೆ ಆ ನಾಚಿಕೆ ಇರಲಿಲ್ಲ. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಆಗ ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ. ಅಪೀಲು ಎಂದರೆ ರಾಯಚೂರು. ಮೂರು ಕಾರ್ಬನ್ ಹಾಳೆ ಇಟ್ಟು ಟೈಪು ಮಾಡಿ, ದಬ್ಬಣದಿಂದ ತೂತು ಹಾಕಿ, ಬಿಳಿ ದಾರದಲ್ಲಿ ಫೈಲು ಹೊಲಿದು, ಬಟ್ಟೆಯಲ್ಲಿ ಕಟ್ಟಿಕೊಂಡು ನಸುಕಿನ ಬಸ್ಸು ಹತ್ತುತ್ತಿದ್ದೆವು. ಸಿಂಧನೂರು ದಾಟುವ ಹೊತ್ತಿಗೆ ಸಾಹೇಬರು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಕಕ್ಷಿದಾರ, ವಕೀಲ, ಗುಮಾಸ್ತ ಮೂವರೂ ಒಂದೇ ಶೇಂಗಾ ಚಟ್ನಿಗೆ ಕೈ ಹಾಕುತ್ತಿದ್ದೆವು. ಈಗ ಫೋನಿನಲ್ಲೇ ಕೇಸಿನ ತಾರೀಖು ಕಾಣುತ್ತದೆ, ಕಾಗದ ಕಂಪ್ಯೂಟರಿನಲ್ಲೇ ಸಲ್ಲಿಕೆಯಾಗುತ್ತದೆ. ಒಳ್ಳೆಯದೇ. ಆದರೆ ಆ ಚಟ್ನಿಯ ರುಚಿ ಯಾವ ಕಂಪ್ಯೂಟರಿನಲ್ಲೂ ಬರಲಿಲ್ಲ ನನಗೆ.

ಸಾಹೇಬರದೊಂದು ಪದ್ಧತಿ ಇತ್ತು. ಬೇರೆಯವರು ಸೋತ ಕೇಸಿನ ಅಪೀಲಿಗೆ ರಾಯಚೂರಿಗೆ ಹೋಗುತ್ತಿದ್ದರೇ ಹೊರತು, ತಾವು ಸೋತ ಕೇಸಿನ ಅಪೀಲನ್ನು ತಾವೇ ನಡೆಸುತ್ತಿರಲಿಲ್ಲ. “ಸೋತಾಂವಗ ತನ್ನ ತಪ್ಪು ಕಾಣಂಗಿಲ್ಲೋ ಮಾಬು, ಬ್ಯಾರೆ ಕಣ್ಣು ಬೇಕು,” ಎಂದು ಫೈಲನ್ನು ಕಕ್ಷಿದಾರರ ಕೈಗೆ ಕೊಟ್ಟುಬಿಡುತ್ತಿದ್ದರು. ಉಳಿದ ವಕೀಲರು ನಗುತ್ತಿದ್ದರು. ಹೀಗೆ ಅಪೀಲಿಗೆ ಹೊಸ ವಕೀಲರನ್ನು ಹುಡುಕಿ, ಮಾತಾಡಿ, ಫೀ ಗೊತ್ತು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕುಷ್ಟಗಿ, ಗಂಗಾವತಿ, ಕೊಪ್ಪಳ, ಆಮೇಲೆ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಬಂದ ಮೇಲೆ ಅಲ್ಲಿಯವರೆಗೂ ನಾನು ಕಕ್ಷಿದಾರರನ್ನು ಕರೆದುಕೊಂಡು ತಿರುಗಿದ್ದೇನೆ.

ವಕೀಲರನ್ನು ಅಳೆಯಲು ನನ್ನದೊಂದು ಉಪಾಯ ಇತ್ತು. ತೀರ್ಪಿನ ಜೆರಾಕ್ಸನ್ನು ಅವರ ಮೇಜಿನ ಮೇಲಿಟ್ಟು ಸುಮ್ಮನೆ ಕೂಡುವುದು. ಹಾಳೆ ಮುಟ್ಟುವ ಮೊದಲೇ “ಗೆಲ್ಲೂ ಕೇಸಿದು” ಎಂದವರಿಗೆ ನಮಸ್ಕಾರ ಹೇಳಿ ಏಳುವುದು. ಗಂಗಾವತಿಯ ಒಬ್ಬ ಅಕ್ಕಿ ಗಿರಣಿಯ ಮಾಲೀಕರು ನನ್ನ ಮಾತು ಕೇಳದೆ, ದೊಡ್ಡ ಕಾರಿದ್ದ ವಕೀಲರನ್ನು ಹಿಡಿದರು. ಆರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದು, “ಮಾಬುಸಾಬ್ರ, ಆ ಕಾರಿನ ಟಾಯರ್ ಬದಲಿ ಆದ್ವು, ನಮ್ಮ ತಾರೀಖ ಬದಲಿ ಆದ್ವು, ಮತ್ತೇನೂ ಆಗಿಲ್ಲ,” ಎಂದರು.

ಈಗ ಗಿರಣಿಯ ಮಾತಿಗೆ ಬರುತ್ತೇನೆ.

ಬಸಲಿಂಗವ್ವ ಕುಕನೂರಿನವರು. ಗಂಡ ತೀರಿಕೊಂಡ ಮೇಲೆ ಅವರು ನಡೆಸುತ್ತಿದ್ದ ಹಿಟ್ಟಿನ ಗಿರಣಿಯನ್ನು ತಾವೇ ನಡೆಸಿಕೊಂಡು ಬಂದವರು. ಒಂದು ಯಂತ್ರ ಜೋಳ ಗೋದಿಗೆ, ಇನ್ನೊಂದು ಖಾರದ ಪುಡಿಗೆ. ಬೆಲ್ಟು ಹರಿದರೆ ತಾವೇ ಹೊಲಿಯುತ್ತಿದ್ದರು, ಕಲ್ಲು ಸವೆದರೆ ತಾವೇ ಉಳಿ ಹಿಡಿದು ಕೂಡುತ್ತಿದ್ದರು. ಗಿರಣಿ ನಿಂತ ಜಾಗ ಅಣ್ಣತಮ್ಮಂದಿರ ಹಿಸ್ಸೆಯಲ್ಲಿ, ಅಂದರೆ ಆಸ್ತಿ ಪಾಲಾದಾಗ, ತನಗೆ ಬಂದದ್ದು, ಅಣ್ಣನಿಗೆ ಸುಮ್ಮನೆ ನಡೆಸಿಕೊಂಡಿರಲು ಬಿಟ್ಟಿದ್ದೆ ಎಂದು ಮೈದುನ ಶೇಖರಪ್ಪ ದಾವೆ ಹಾಕಿದ. ನಾವು ಬಸಲಿಂಗವ್ವನ ಪರವಾಗಿ ಹೋರಾಡಿ ಸೋತೆವು. ಎರಡು ತಿಂಗಳಲ್ಲಿ ಜಾಗ ಖಾಲಿ ಮಾಡಬೇಕೆಂದು ತೀರ್ಪಾಯಿತು. ಗಿರಣಿಯ ಯಂತ್ರ ಕಾಂಕ್ರೀಟಿನಲ್ಲಿ ಕೂತಿರುತ್ತದೆ. ಕಿತ್ತರೆ ಅರ್ಧ ಹಾಳು. ಬೇರೆ ಕಡೆ ಜಾಗ ಹಿಡಿದು, ಹೊಸದಾಗಿ ಕರೆಂಟು ತಗೊಂಡು, ಮತ್ತೆ ಗಿರಾಕಿ ಕೂಡಿಸುವ ವಯಸ್ಸು ಅವರದಾಗಿರಲಿಲ್ಲ. ಗಿರಣಿ ಹೋದರೆ ಅವರಿಗೆ ಬೇರೆ ಏನೂ ಇರಲಿಲ್ಲ.

ಸಾಹೇಬರು ಎಂದಿನಂತೆ, “ಅಪೀಲಿಗೆ ಕೊಪ್ಪಳದಾಗ ಛಲೋ ವಕೀಲರನ್ನ ನೋಡು ಮಾಬು,” ಎಂದರು.

ಇಲ್ಲಿ ಹೊಸಬರಿಗೆ ಒಂದು ಲೆಕ್ಕ ತಿಳಿಸಬೇಕು. ಆ ಅಪೀಲಿಗೆ ಇರುವುದು ಮೂವತ್ತು ದಿನ. ತೀರ್ಪಿನ ಅಧಿಕೃತ ನಕಲು ಇಲ್ಲದೆ ಅಪೀಲಿಲ್ಲ. ನಕಲಿಗೆ ಅರ್ಜಿ ಹಾಕಿದ ದಿನದಿಂದ ಅದು ಸಿದ್ಧವಾಗುವ ದಿನದವರೆಗೆ ಗಡಿಯಾರ ನಿಂತಿರುತ್ತದೆ. ಆ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ನಾನು ಐದನೆಯ ದಿನ ಅರ್ಜಿ ಹಾಕಿದೆ. ಅಂದರೆ ಇಪ್ಪತ್ತೈದು ದಿನ ಉಳಿದವು. ನಕಲು ತಯಾರಾಗುವ ಹೊತ್ತಿಗೆ ನಾನು ಗಂಗಾವತಿಯಲ್ಲಿ ತಂಗಿಯ ಕಣ್ಣಿನ ಆಪರೇಷನ್ನಿಗೆ ಹೋಗಿದ್ದೆ. ಹಿಂತಿರುಗಿ ಬಂದು ನಕಲು ಕೈಗೆ ತಗೊಂಡು, ಅದರ ಹಿಂಬದಿಯ ಮುದ್ರೆಯ ಕೊನೆಯ ಸಾಲಿನ ತಾರೀಖು ನೋಡಿ, ಅಲ್ಲಿಂದ ಇಪ್ಪತ್ತೈದು ದಿನ ಎಣಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ.

ಆ ಮುದ್ರೆಯಲ್ಲಿ ನಾಲ್ಕಾರು ಸಾಲು ಇರುತ್ತವೆ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ, ಹೀಗೆ. ಹಿಂದೆ ನಾನು ನಕಲು ವಿಭಾಗದ ಬಾಗಿಲಲ್ಲೇ ಕೂತಿರುತ್ತಿದ್ದೆ. ಸಿದ್ಧವಾದ ದಿನವೇ ಕೈಗೆ ಬರುತ್ತಿತ್ತು. ಎರಡೂ ಸಾಲಿನಲ್ಲಿ ಒಂದೇ ತಾರೀಖು. ಮೂವತ್ತೊಂದು ವರ್ಷ ಕೊನೆಯ ಸಾಲನ್ನಷ್ಟೇ ಓದಿ ನನ್ನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಅದೇ ನನ್ನನ್ನು ಕೆಡಿಸಿತು.

ದಿನ ಬೇಕಾದಷ್ಟಿವೆ ಎಂದುಕೊಂಡು ನಾನು ಬಸಲಿಂಗವ್ವನನ್ನು ಕರೆದುಕೊಂಡು ಆರಾಮಾಗಿ ಕೊಪ್ಪಳದ ಬಸ್ಸು ಹತ್ತಿದೆ. ಮೊದಲನೆಯ ವಕೀಲರು ಫೋನಿನಲ್ಲಿ ಮಾತಾಡುತ್ತಲೇ ಕೈಸನ್ನೆಯಲ್ಲಿ ಗೆಲುವು ಕೊಟ್ಟರು. ಎದ್ದು ಬಂದೆವು. ಎರಡನೆಯವರು ಶೇಖರಪ್ಪನ ಬೀಗರ ಪೈಕಿ ಎಂದು ಗೊತ್ತಾಯಿತು. ಹೊರಗೆ ಬಂದ ಬಸಲಿಂಗವ್ವ, “ಅವ್ರ ಗ್ವಾಡಿ ಮ್ಯಾಲ ನನ್ನ ಮೈದುನನ ಮಗಳ ಮದವಿ ಕಾರ್ಡ್ ಐತಲ್ರಿ, ನೀವು ಬರೇ ವಕೀಲರ ಮಾರಿ ನೋಡಿದ್ರಿ,” ಎಂದರು. ಅವರ ಕಣ್ಣು ಹಾಗಿತ್ತು.

ಮೂರನೆಯವರು ಸುಮಂಗಲಾ ವಕೀಲರು. ಬಸ್ ನಿಲ್ದಾಣದ ಹಿಂದೆ ಔಷಧದ ಅಂಗಡಿಯ ಮೇಲೆ ಸಣ್ಣ ಕಚೇರಿ. ನಾವು ತೀರ್ಪಿನ ಮುಂಬದಿಯ ಮತ್ತು ಯಲಬುರ್ಗಾದಲ್ಲಿ ನಡೆದ ಸಾಕ್ಷಿಯ ಹಾಳೆಗಳ ಜೆರಾಕ್ಸ್ ಕೊಟ್ಟೆವು. ಅವರು ಚಹಾ ತಣ್ಣಗಾಗುವವರೆಗೆ ಓದಿದರು. ಆಮೇಲೆ ತಲೆಯೆತ್ತಿ, “ಅವ್ವಾರ, ಗಿರಣಿಗೆ ಬುನಾದಿ ತೋಡಿದ್ದು ಯಾವಾಗ? ಹಿಸ್ಸೆ ಆಗೂಕ್ಕಿಂತ ಮೊದಲಾ, ಆದ ಮ್ಯಾಲಾ?” ಎಂದು ಕೇಳಿದರು.

“ಮೊದಲ ರೀ. ಅವಾಗ ನಮ್ಮತ್ತಿ ಇದ್ರು. ಬುನಾದಿಗೆ ಕಾಯಿ ಒಡದವ್ರ ಅವ್ರು.”

“ನಿಮ್ಮ ಮೈದುನ ಇದನ್ನ ಕಟಕಟೆಯೊಳಗ ಒಪ್ಯಾರ ನೋಡ್ರಿ, ಇಲ್ಲಿ. ಹಿಸ್ಸೆಗಿಂತ ಮೊದಲ ನಿಂತ ಗಿರಣಿ ಅಂದ್ರ, ಅವ್ರು ಬಿಟ್ಟುಕೊಟ್ಟ ಜಾಗ ಅನ್ನೂ ಮಾತು ನಿಲ್ಲಂಗಿಲ್ಲ. ತೀರ್ಪಿನೊಳಗ ಇದರ ಸುದ್ದಿನ ಇಲ್ಲ. ಗೆಲ್ತೀವಿ ಅಂತ ಹೇಳಂಗಿಲ್ಲ. ಹೇಳಾಕ ಒಂದು ಮಾತು ಐತಿ, ಅಷ್ಟ.”

ನನಗೆ ಬೇಕಾದ ವಕೀಲರು ಸಿಕ್ಕರು. ಅವರು ಇಪ್ಪತ್ತೈದು ಸಾವಿರ ಕೇಳಿದರು. ನಾನು ಹದಿನೈದು ಎಂದೆ. ಅವರು ನಕ್ಕರು. ಬಸಲಿಂಗವ್ವ ಸೆರಗಿನ ಗಂಟಿಗೆ ಕೈ ಹಾಕಿದ್ದರು. ನಾನು ಕಣ್ಣಿನಲ್ಲೇ ತಡೆದೆ. ಹೊರಗೆ ಬಂದ ಮೇಲೆ ಹೇಳಿದೆ: “ಒಂದು ವಾರ ಬಿಡ್ರಿ, ತಾವಾಗೇ ಇಳೀತಾರ.”

“ದಿನ ಅದಾವಲ್ರಿ ಮತ್ತ?”

“ನನಗ ತಾರೀಖು ಕಲಸ್ತೀರೇನವ್ವಾ? ಮೂವತ್ತೊಂದು ವರ್ಷ ಆತು ಈ ಕೆಲಸಕ್ಕ!”

ಅವರು ಮತ್ತೆ ಕೇಳಲಿಲ್ಲ. ವಾರ ಕಳೆದು ಫೋನು ಮಾಡಿದೆ, ಇಪ್ಪತ್ತೆರಡಕ್ಕೆ ಬಂದರು. ಇನ್ನೂ ನಾಲ್ಕು ದಿನ ಬಿಟ್ಟೆ. ಇಪ್ಪತ್ತಕ್ಕೆ ಒಪ್ಪಿದರು. ಐದು ಸಾವಿರ ಉಳಿಸಿದೆನೆಂದು ಕುಕನೂರಿನವರೆಗೂ ಸುದ್ದಿ ಮುಟ್ಟಿಸಿದೆ.

ವಕಾಲತ್ತಿಗೆ ಸಹಿ ಹಾಕಲು ಹೋದ ದಿನ, ಸುಮಂಗಲಾ ವಕೀಲರು ಮೊದಲ ಸಲ ಕೋರ್ಟಿನ ಮುದ್ರೆಯಿದ್ದ ಅಸಲು ನಕಲನ್ನು ಕೈಗೆ ತಗೊಂಡರು. ಅಷ್ಟು ದಿನ ಅದು ನನ್ನ ಚೀಲದಲ್ಲೇ ಇತ್ತು. ಫೀ ಗೊತ್ತಾಗದೆ ಅಸಲು ಕೊಡಬಾರದೆಂಬುದು ನನ್ನ ಜಾಣತನ. ಅವರು ಕೊನೆಯ ಹಾಳೆಯನ್ನು ಹೊರಳಿಸಿದರು. ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಮಾಬುಸಾಬ್ರ, ಕಡೀ ದಿನ ಯಾವಾಗ ಅಂದ್ರಿ?”

“ಇನ್ನ ನಾಲ್ಕ ದಿನ ಐತ್ರಿ ಮೇಡಮ್.”

“ಇಲ್ರಿ. ಮುಗದು ಏಳು ದಿನ ಆತು.”

ನಕಲು ಸಿದ್ಧವಾಗಿ ಹನ್ನೊಂದು ದಿನ ಅದು ವಿಭಾಗದಲ್ಲೇ ಬಿದ್ದಿತ್ತು. ಆ ಹನ್ನೊಂದು ದಿನ ನಮ್ಮ ಲೆಕ್ಕಕ್ಕೇ ಹತ್ತಿದ್ದವು. ನಾನು ಹಾಳೆ ಇಸಿದುಕೊಂಡು ನೋಡಿದೆ. ಮೂವತ್ತೊಂದು ವರ್ಷ ಜೋಡಿಯಾಗಿ ಬರುತ್ತಿದ್ದ ಎರಡು ತಾರೀಖುಗಳು ಅಲ್ಲಿ ಬೇರೆ ಬೇರೆ ನಿಂತಿದ್ದವು.

ಬಸಲಿಂಗವ್ವ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, “ಏನಾತ್ರಿ? ಗಿರಣಿ ಹೋತೇನು?” ಎಂದರು.

“ಹೋಗಿಲ್ಲ. ತಡ ಆಗೈತಿ. ತಡ ಯಾಕ ಆತು ಅಂತ ಕೋರ್ಟಿಗೆ ಕಾರಣ ಹೇಳಿ, ಮನ್ನಾ ಮಾಡ್ರಿ ಅಂತ ಕೇಳಬೇಕು. ಅವ್ರು ಮನ್ನಾ ಮಾಡೂತನಾ ಗಿರಣಿ ಖಾಲಿ ಮಾಡಸೂದಕ್ಕ ತಡೆ ಸಿಗಂಗಿಲ್ಲ,” ಎಂದು ವಕೀಲರು ಬಿಡಿಸಿ ಹೇಳಿದರು. ಖಾಲಿ ಮಾಡಲು ಕೊಟ್ಟ ಎರಡು ತಿಂಗಳಲ್ಲಿ ಉಳಿದದ್ದು ಎಂಟೇ ದಿನ.

ನನ್ನ ಮಿದುಳು ಹಳೆಯ ದಾರಿಗೆ ಓಡಿತು. ತಡವಾದ ಅಪೀಲಿಗೆ ನಮ್ಮ ಕಡೆ ಎಲ್ಲರೂ ಬರೆಸುವುದು ಒಂದೇ ಕಾರಣ: ಕಾಯಿಲೆ. “ಅದಕ್ಯಾಕ ಚಿಂತಿ? ಅವ್ವಾರಿಗೆ ಟೈಫಾಯಿಡ್ ಆಗಿತ್ತು ಅಂತ ಬರಸೂಣು. ಡಾಕ್ಟರ್ ಚೀಟಿ ನಾ ತರತೀನಿ,” ಎಂದೆ.

ಬಸಲಿಂಗವ್ವ ಕುರ್ಚಿಯ ತುದಿಗೆ ಬಂದರು. “ಏನಂದ್ರಿ? ಟೈಫಾಯಿಡ್? ಈ ಒಂದೂವರಿ ತಿಂಗಳದಾಗ ಒಂದು ದಿನ ಗಿರಣಿ ಬಂದ್ ಮಾಡಿಲ್ಲ ನಾನು. ಕುಕನೂರ ಮಂದಿಯೆಲ್ಲಾ ನನ್ನ ಕೈಲೆ ಬೀಸಿಸಿಕೊಂಡು ಹೋಗ್ಯಾರ. ಯಾಕ, ಶೇಖರಪ್ಪನ ಹೇಂತಿನ ಮೊನ್ನಿ ಎಂಟು ಕಿಲೋ ಖಾರ ಕುಟ್ಟಿಸಿಕೊಂಡು ಹೋಗ್ಯಾಳ!”

“ನಿಮ್ಮ ಮ್ಯಾಲ ಕೇಸ್ ಹಾಕಿದವ್ರು ನಿಮ್ಮ ಗಿರಣಿಗೆ ಬರತಾರ?” ವಕೀಲರು ಕೇಳಿದರು.

“ಜಾಗದ ಜಗಳ ಬ್ಯಾರೆ ರೀ. ಖಾರ ನಂದ ಸಣ್ಣ ಆಗತೈತಿ.”

ಆ ಕಚೇರಿಯಲ್ಲಿ ನಾನೊಬ್ಬನೇ ನಗಲಿಲ್ಲ. ಸುಮಂಗಲಾ ವಕೀಲರು ಪೆನ್ನು ಕೆಳಗಿಟ್ಟು, “ಹಂಗಾದ್ರ ಖರೇ ಏನೈತಿ ಅದನ್ನ ಬರಿಯೂಣು. ತಪ್ಪು ಯಾರದು?” ಎಂದರು.

ಗಿರಾಕಿ ಎದ್ದು ಹೊರಟಾಗ ಎಷ್ಟು ಹೊತ್ತು ಸುಮ್ಮನಿರಬೇಕೆಂದು ಕಲಿತವನು ನಾನು. ಅವತ್ತು ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದೆ. ಕೆಳಗೆ ಔಷಧದ ಅಂಗಡಿಯಲ್ಲಿ ಯಾರೋ ಕೆಮ್ಮುತ್ತಿದ್ದರು.

“ನಂದ ರೀ,” ಎಂದೆ.

ಬಸಲಿಂಗವ್ವ ಬೈಯಲಿಲ್ಲ. ಬಸ್ಸು ಇರಕಲ್ಲಗಡ ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಐದು ಸಾವಿರ ಉಳಸಾಕ ಹನ್ನೊಂದು ದಿನ ಕಾಯಿಸಿದ್ರಿ. ನಾ ಕೊಡತಿದ್ನೆಲ್ರಿ. ರೊಕ್ಕ ಸೆರಗಿನಾಗ ಇದ್ದುವು.” ಬೈದಿದ್ದರೆ ಆರಾಮಿರುತ್ತಿತ್ತು.

ಆ ರಾತ್ರಿ, ತಪ್ಪು ನನ್ನದೆಂದು ಕೋರ್ಟಿಗೆ ಕೊಡುವ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ನಾನೇ ಟೈಪು ಮಾಡಿದೆ. ಸಾವಿರಾರು ಪ್ರಮಾಣಪತ್ರ ಹೊಡೆದ ಕೈ ‘ನನ್ನ ತಪ್ಪಿನಿಂದ’ ಎಂಬಲ್ಲಿ ಮೂರು ಸಲ ನಿಂತಿತು. ಮರುದಿನ ಸಾಹೇಬರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು. “ಎರಡನೇ ಸಾಲಿನ್ಯಾಗ ಅಲ್ಪವಿರಾಮ ಬಿಟ್ಟೀದಿ,” ಎಂದರು. ಆಮೇಲೆ ಹಾಳೆ ಮರಳಿ ಕೊಡುತ್ತಾ, “ಮೂವತ್ತೊಂದು ವರ್ಷಕ್ಕ ಒಂದು ಪೂರಾ ಖರೇ ಪ್ರಮಾಣಪತ್ರ ಹೊಡದೀಪಾ ಮಾಬು,” ಎಂದರು. ನಕ್ಕರೋ ಇಲ್ಲವೋ, ನನಗೆ ಮುಖವೆತ್ತಿ ನೋಡಲು ಆಗಲಿಲ್ಲ.

ಒಂಬತ್ತು ದಿನ ತಡವಾಗಿ ಅಪೀಲು ಸಲ್ಲಿಕೆಯಾಯಿತು. ಇತ್ತ ಎರಡು ತಿಂಗಳು ಮುಗಿದ ಕೂಡಲೇ ಶೇಖರಪ್ಪ ಯಲಬುರ್ಗಾದಲ್ಲಿ ತೀರ್ಪು ಜಾರಿ ಮಾಡಿಸಲು ಅರ್ಜಿ ಹಾಕಿದ. ಗಿರಣಿಯನ್ನು ವಶಕ್ಕೆ ತಗೊಳ್ಳಲು ಕೋರ್ಟಿನ ಬೇಲಿಫ್ ಬರುವುದು ಒಂದು ಶುಕ್ರವಾರ ಎಂದು ಗೊತ್ತಾಯಿತು. ಕೊಪ್ಪಳದಲ್ಲಿ ನಮ್ಮ ಮನ್ನಾ ಅರ್ಜಿಯ ವಾದ ಅದೇ ವಾರದ ಮಂಗಳವಾರ.

ಮಂಗಳವಾರ ಬಸಲಿಂಗವ್ವ ಬಂದರು. ಹುಬ್ಬಿನ ಕೂದಲಿನಲ್ಲಿ ಇನ್ನೂ ಹಿಟ್ಟು ಇತ್ತು. ನಸುಕಿನಲ್ಲಿ ಬೀಸಿಯೇ ಬಸ್ಸು ಹತ್ತಿದ್ದರು. ಎದುರು ವಕೀಲರು ಎದ್ದು ನನ್ನ ಕಡೆ ಕೈ ತೋರಿಸಿದರು. “ಸ್ವಾಮಿ, ಈ ಗುಮಾಸ್ತರು ಹೊಸಬರಲ್ಲ. ಈ ಜಿಲ್ಲೆಯ ಅರ್ಧ ಗುಮಾಸ್ತರಿಗೆ ತಾರೀಖು ಎಣಿಸಲು ಕಲಿಸಿದವರು. ಇವರೇ ಮುದ್ರೆ ಓದಲಿಲ್ಲ ಎಂದರೆ ನಂಬುವುದು ಹೇಗೆ?” ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಅಲ್ಲಿ ಕೂತಿದ್ದವರಲ್ಲಿ ಮೂವರಿಗೆ ನಾನೇ ಕಲಿಸಿದ್ದೆ.

ನ್ಯಾಯಾಧೀಶರು ನನ್ನನ್ನು ಮುಂದೆ ಕರೆದರು. “ಮುದ್ರೆಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿತ್ತಲ್ಲವೇ?”

“ಗೊತ್ತಿತ್ತು ಸ್ವಾಮಿ.”

“ಮತ್ತೆ?”

“ದಿನಾ ನೋಡೂದಂತ ನೋಡಲಿಲ್ಲ ಸ್ವಾಮಿ. ಈ ತಾಯಿ ದಿನ ಅದಾವೇನ್ರಿ ಅಂತ ಕೇಳಿದ್ರು. ನಾನ ಬೈದು ಬಾಯಿ ಮುಚ್ಚಿಸಿದೆ. ಇದರಾಗ ಅವ್ರದೇನೂ ತಪ್ಪಿಲ್ಲ.”

ಈ ಕಡೆಯ ಮಾತು ನನ್ನ ಪ್ರಮಾಣಪತ್ರದಲ್ಲಿ ಇರಲಿಲ್ಲ. ಅದು ಹೇಗೋ ಬಾಯಿಗೆ ಬಂತು. ನ್ಯಾಯಾಧೀಶರು ಸ್ವಲ್ಪ ಹೊತ್ತು ಬರೆದರು. ಎದುರು ಪಕ್ಷಕ್ಕೆ ಎರಡು ಸಾವಿರ ರೂಪಾಯಿ ವೆಚ್ಚ ಕೊಡಬೇಕೆಂಬ ಷರತ್ತಿನ ಮೇಲೆ ತಡವನ್ನು ಮನ್ನಾ ಮಾಡಿದರು. ಬಸಲಿಂಗವ್ವ ಸೆರಗಿನ ಗಂಟು ಬಿಚ್ಚುವುದರೊಳಗೆ ನಾನು ಕಿಸೆಯಿಂದ ತೆಗೆದು ಕೊಟ್ಟೆ. ಊಟದ ವೇಳೆಯ ಮೊದಲೇ ಜಾರಿಗೆ ತಡೆಯೂ ಸಿಕ್ಕಿತು. ಆದೇಶದ ನಕಲು ಗುರುವಾರ ಸಿದ್ಧವಾಗುವುದೆಂದರು. ಗುರುವಾರ ಬೆಳಿಗ್ಗೆಯಿಂದ ನಾನು ನಕಲು ವಿಭಾಗದ ಬಾಗಿಲಲ್ಲೇ ಕೂತೆ. ಕೈಗೆ ಬಂದ ಕೂಡಲೇ ಮೊದಲು ಹಿಂಬದಿ ನೋಡಿದೆ. ಸಂಜೆಯೊಳಗೆ ಯಲಬುರ್ಗಾ ಮುಟ್ಟಿಸಿದೆ. ಶುಕ್ರವಾರ ಬೇಲಿಫ್ ಬರಲಿಲ್ಲ.

ಅಪೀಲು ಮುಗಿಯಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಸುಮಂಗಲಾ ವಕೀಲರು ಮೊದಲ ದಿನ ತೋರಿಸಿದ ಆ ಬುನಾದಿಯ ಮಾತಿನ ಮೇಲೆಯೇ ವಾದ ಮಾಡಿದರು. ಗಿರಣಿ ನಿಂತ ಜಾಗ ಬಸಲಿಂಗವ್ವನಿಗೆ ಉಳಿಯಿತು. ಹಿಂದಿನ ಹಿತ್ತಲು ಶೇಖರಪ್ಪನ ಪಾಲಾಯಿತು. ಪೂರ್ತಿ ಗೆಲುವಲ್ಲ. ನಾನು ಸಮಾಧಾನ ಹೇಳಲು ಹೋದರೆ ಬಸಲಿಂಗವ್ವ, “ಹಿತ್ತಲದಾಗ ಹಿಟ್ಟು ಬೀಸತಾರೇನ್ರಿ? ಬಿಡ್ರಿ,” ಎಂದರು. ಅವತ್ತೂ ಗಿರಣಿ ನಡೆಯುತ್ತಿತ್ತು, ಆ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕಿತ್ತು. ನಾನು ಕ್ಷಮೆ ಕೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಎರಡನೆಯ ಸಲ ಕೂಗಲು ನನಗೆ ಧೈರ್ಯ ಬರಲಿಲ್ಲ.

ಈಗ ನಿಮಗೆ, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ, ಮತ್ತು ಕೇಸು ಸೋತು ವಕೀಲರನ್ನು ಹುಡುಕಿಕೊಂಡು ಹೊರಟವರಿಗೆ ನಾಲ್ಕು ಮಾತು.

ತೀರ್ಪಾದ ದಿನವೇ ನಕಲಿಗೆ ಅರ್ಜಿ ಹಾಕಿ, ಸಿದ್ಧವಾದ ದಿನವೇ ತಗೊಳ್ಳಿ. ಸಿಕ್ಕ ಕೂಡಲೇ ಹಿಂಬದಿಯ ಮುದ್ರೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ, ಮೊನ್ನೆ ತಾನೇ ಓದಿದ್ದರೂ ಓದಿ. ಹೊಸ ವಕೀಲರಿಗೆ ಮೊದಲ ದಿನವೇ ಅಸಲು ನಕಲು ತೋರಿಸಿ. ಚೀಲದಲ್ಲಿ ಬಚ್ಚಿಟ್ಟರೆ ಅವರ ಕಣ್ಣು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ವಕೀಲರ ಹತ್ತಿರ ಫೈಲು ಕೇಳಲು ಸಂಕೋಚ ಬೇಡ, ಕೇಳಿದರೆ ಕೊಡುತ್ತಾರೆ. ಎದುರು ಪಕ್ಷದವರ ನೆಂಟಸ್ತಿಕೆ ಇದೆಯೋ ಎಂದು ಗೋಡೆಯ ಮೇಲಿನ ಕಾರ್ಡುಗಳನ್ನೂ ನೋಡಿ. ಫೀ ಚೌಕಾಸಿ ಮಾಡಬೇಡಿ ಎಂದು ನನ್ನಂಥವನು ಹೇಳಿದರೆ ಯಾರೂ ನಂಬುವುದಿಲ್ಲ. ಮಾಡಿ, ಚೆನ್ನಾಗಿ ಮಾಡಿ. ಆದರೆ ಒಂದೇ ಸಲ ಕೂತಲ್ಲೇ ಮುಗಿಸಿ. ವಕೀಲರು ಒಪ್ಪದಿದ್ದರೆ ಅವರು ಕೇಳಿದ್ದನ್ನು ಕೊಟ್ಟು ಅಪೀಲು ಹಾಕಿಸಿ.

ಇಷ್ಟಾದರೂ ಒಂದು ದಿನ ತಪ್ಪು ಆಗಿಯೇ ಆಗುತ್ತದೆ. ಆಗ ಡಾಕ್ಟರ್ ಚೀಟಿ ಹುಡುಕಲು ಹೋಗಬೇಡಿ. ಕಕ್ಷಿದಾರರಿಗೆ ಫೋನು ಮಾಡಿ, ಅದೇ ದಿನ, ನಿಮ್ಮ ಬಾಯಿಂದಲೇ ಹೇಳಿ. ಗಿರಣಿಯಂಥ ಸದ್ದಿನ ಜಾಗದಲ್ಲಿದ್ದರೆ ಹೊರಗೆ ಬರಲು ಹೇಳಿ, ಅವರಿಗೆ ಕೇಳಿಸುವ ಹಾಗೆ ಹೇಳಿ.